ಬಸಿರು ನಿಲ್ಲದೆ ಹೋದಾಗ: ಸ್ಕ್ಯಾನ್ ರೂಮಿನಿಂದ ಮನೆಯ ಬಾಣಂತನದವರೆಗೆ

ಒಂಬತ್ತನೇ ವಾರದ ಸ್ಕ್ಯಾನ್. ಮಾತಾಡುತ್ತಾ ಇದ್ದ ಡಾಕ್ಟರ್ ಸುಮ್ಮನಾದರು. ಪರದೆಯನ್ನು ಸ್ವಲ್ಪ ತಮ್ಮ ಕಡೆ ತಿರುಗಿಸಿಕೊಂಡರು. ಅವರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗಿತ್ತು.

ಮನೆಗೆ ಬಂದ ಮೂರನೇ ದಿನ ಬಟ್ಟೆ ಒಗೆಯುತ್ತಾ ನಿಂತಿದ್ದೆ. ಯಾರೂ ಒಗೆ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮಗುವೇ ಇಲ್ಲದ ಮೇಲೆ ಬಾಣಂತನ ಎಲ್ಲಿಂದ ಬರಬೇಕು, ಅಲ್ವಾ? ನಾಲ್ಕು ವರ್ಷದ ಮೇಲೆ ತಂಗಿಗೂ ಹೀಗೇ ಆಯಿತು. ಆಗ ದೊಡ್ಡಮ್ಮ ಊರಿಂದ ಬಸ್ಸು ಹತ್ತಿ ಬಂದರು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, "ಹೆತ್ತರೂ ಬಾಣಂತಿ, ಹೋದರೂ ಬಾಣಂತಿ. ಅವಳು ಮಂಚ ಬಿಟ್ಟು ಏಳಕೂಡದು" ಅಂದರು. ನನಗೆ ಆಗ ಇದನ್ನು ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಅಂತ ಆಗ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾದರೆ ಸಾಕು.

1. ರಕ್ತ ಕಂಡ ಕೂಡಲೇ

ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ಕಂಡ ತಕ್ಷಣ ಎಲ್ಲ ಮುಗಿಯಿತು ಅಂತಲ್ಲ. ಸ್ಕ್ಯಾನಿನಲ್ಲಿ ಎದೆಬಡಿತ ಕಂಡರೆ ಹೆಚ್ಚಿನವರ ಬಸಿರು ಮುಂದುವರಿಯುತ್ತದೆ. ಆದರೂ ಮನೆಯಲ್ಲೇ ಕೂತು ನೋಡೋಣ ಅನ್ನಬೇಡಿ. ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಬಟ್ಟೆ ಬೇಡ, ಪ್ಯಾಡ್ ಹಾಕಿಕೊಳ್ಳಿ. ಎಷ್ಟು ಪ್ಯಾಡ್ ನೆನೆಯಿತು ಅಂತ ಡಾಕ್ಟರ್ ಕೇಳೇ ಕೇಳುತ್ತಾರೆ. ಗಡ್ಡೆ ಗಡ್ಡೆಯಾಗಿ ಹೋಯಿತಾ, ಯಾವ ಬಣ್ಣ, ನೋವು ಎಲ್ಲಿ, ಕೊನೆಯ ಮುಟ್ಟಿನ ಮೊದಲ ದಿನ ಯಾವುದು, ಇಷ್ಟನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ತಲೆ ಓಡುವುದಿಲ್ಲ. ನನಗೆ ನನ್ನ ಮುಟ್ಟಿನ ತಾರೀಕೇ ನೆನಪಾಗಿರಲಿಲ್ಲ.

ಕೆಳಗಿನ ಯಾವುದಾದರೂ ಒಂದು ಇದ್ದರೂ ಫೋನಲ್ಲಿ ಕೇಳುತ್ತಾ ಕೂರಬೇಡಿ. ನೇರವಾಗಿ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ:

- ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುತ್ತಿದೆ, ಹಾಗೇ ಎರಡು ಗಂಟೆ ನಡೆದಿದೆ
- ತಲೆ ಸುತ್ತಿ ಬೀಳುವ ಹಾಗಾಗುತ್ತಿದೆ, ಮೈ ತಣ್ಣಗೆ ಬೆವರುತ್ತಿದೆ
- ಹೊಟ್ಟೆಯ ಒಂದೇ ಪಕ್ಕದಲ್ಲಿ ಚುಚ್ಚುವ ನೋವು, ಅಥವಾ ಭುಜದ ತುದಿಯಲ್ಲಿ ನೋವು
- 100.4 ಡಿಗ್ರಿ ದಾಟಿದ ಜ್ವರ, ಇಲ್ಲವೇ ಕೆಟ್ಟ ವಾಸನೆಯ ಸ್ರಾವ

ಮೂರನೆಯದನ್ನು ಇನ್ನೊಮ್ಮೆ ಓದಿ. ಬಸಿರು ಗರ್ಭಕೋಶದ ಬದಲು ನಳಿಕೆಯಲ್ಲಿ ಕೂತಿದ್ದರೆ ಈ ಥರದ ನೋವು ಬರುತ್ತದೆ. ಇದಕ್ಕೆ ಎಕ್ಟೋಪಿಕ್ ಅನ್ನುತ್ತಾರೆ. ನೂರು ಬಸಿರಿನಲ್ಲಿ ಒಂದೆರಡು ಹೀಗಾಗುತ್ತವೆ. ನಳಿಕೆ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿಯುತ್ತದೆ, ಹೊರಗೆ ಜಾಸ್ತಿ ಕಾಣಿಸುವುದೂ ಇಲ್ಲ. ಅದಕ್ಕೇ, ಯಾರೋ ಹೇಳಿದರು ಅಂತ ಸ್ಕ್ಯಾನ್ ಇಲ್ಲದೆ ಮೆಡಿಕಲ್ ಶಾಪಿನಿಂದ ಗರ್ಭಪಾತದ ಮಾತ್ರೆ ತಂದು ನುಂಗಲೇಬೇಡಿ. ಆ ಮಾತ್ರೆ ನಳಿಕೆಯ ಬಸಿರಿಗೆ ಕೆಲಸ ಮಾಡುವುದಿಲ್ಲ. ರಕ್ತ ಹೋಯಿತು, ಎಲ್ಲ ಸರಿಯಾಯಿತು ಅಂತ ನೀವು ಅಂದುಕೊಂಡಿರುತ್ತೀರಿ, ಒಳಗೆ ಅಪಾಯ ಬೆಳೆಯುತ್ತಿರುತ್ತದೆ.

2. ಸ್ಕ್ಯಾನ್: ಒಂದೇ ನೋಟಕ್ಕೆ ತೀರ್ಮಾನ ಬೇಡ

ಆರಂಭದ ವಾರಗಳಲ್ಲಿ ಹೊಟ್ಟೆಯ ಮೇಲಿನ ಸ್ಕ್ಯಾನಿಗಿಂತ ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೇಳಲು ಮುಜುಗರ, ಆದರೆ ನೋವಿಲ್ಲ, ಅದರಿಂದ ಬಸಿರಿಗೆ ತೊಂದರೆಯೂ ಇಲ್ಲ.

ಡಾಕ್ಟರುಗಳು ಎರಡು ಅಳತೆ ನೋಡುತ್ತಾರೆ. ಭ್ರೂಣ 7 ಮಿಲಿಮೀಟರ್ ಅಥವಾ ಜಾಸ್ತಿ ಬೆಳೆದಿದ್ದೂ ಎದೆಬಡಿತ ಇಲ್ಲ ಅಂದರೆ ಬಸಿರಿನ ಬೆಳವಣಿಗೆ ನಿಂತುಹೋಗಿದೆ ಅಂತ ಅರ್ಥ. ಭ್ರೂಣ ಬೆಳೆಯುವ ಚೀಲ 25 ಮಿಲಿಮೀಟರ್ ಮುಟ್ಟಿಯೂ ಒಳಗೆ ಭ್ರೂಣವೇ ಇಲ್ಲ ಅಂದರೂ ಅಷ್ಟೇ. ಅದಕ್ಕಿಂತ ಚಿಕ್ಕ ಅಳತೆ ಇದ್ದರೆ ಖಚಿತವಾಗಿ ಹೇಳಲು ಬರುವುದಿಲ್ಲ. ತಾರೀಕು ಒಂದು ವಾರ ಹಿಂದೆ ಮುಂದೆ ಆಗಿರಬಹುದು. ಆಗ 7ರಿಂದ 14 ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಆ ದಿನಗಳನ್ನು ಕಳೆಯುವುದು ನರಕ, ನಿಜ. ಆದರೂ ಕಾಯಿರಿ. ಅಳತೆ ಚಿಕ್ಕದಿದ್ದೂ ಅವತ್ತೇ "ಕ್ಲೀನ್ ಮಾಡಿಬಿಡೋಣ" ಅಂದರೆ, "ಇನ್ನೊಂದು ಸ್ಕ್ಯಾನ್ ಆದ ಮೇಲೆ ನೋಡೋಣ ಡಾಕ್ಟ್ರೇ" ಅನ್ನಲು ನಿಮಗೆ ಪೂರ್ತಿ ಹಕ್ಕಿದೆ. ಬ್ಲೀಡಿಂಗ್ ಜೋರಾಗಿಲ್ಲದಿದ್ದರೆ ಅವಸರಕ್ಕೆ ಕಾರಣ ಇರುವುದಿಲ್ಲ.

ಇನ್ನೊಂದು ಮಾತು. ಫೈಲಿನಲ್ಲಿ "ಮಿಸ್ಡ್ ಅಬಾರ್ಷನ್", "ಇನ್‌ಕಂಪ್ಲೀಟ್ ಅಬಾರ್ಷನ್" ಅಂತ ಬರೆದಿರುತ್ತಾರೆ. ನೀವು ಮಾಡಿಸಿಕೊಂಡದ್ದು ಅಂತಲ್ಲ. ವೈದ್ಯರ ಭಾಷೆಯಲ್ಲಿ ತಾನಾಗಿ ಹೋದ ಬಸಿರಿಗೂ ಅದೇ ಪದ. ಮಿಸ್ಡ್ ಅಂದರೆ ಒಳಗೆ ನಿಂತುಹೋಗಿದೆ, ದೇಹಕ್ಕೆ ಇನ್ನೂ ಸುಳಿವು ಸಿಕ್ಕಿಲ್ಲ. ಇನ್‌ಕಂಪ್ಲೀಟ್ ಅಂದರೆ ಅರ್ಧ ಹೋಗಿದೆ, ಅರ್ಧ ಉಳಿದಿದೆ. ಈ ಒಂದು ಪದ ಓದಿ ನಾನು ಒಂದು ರಾತ್ರಿ ಪೂರ್ತಿ ಅತ್ತಿದ್ದೆ. ನೀವು ಆ ರಾತ್ರಿ ಉಳಿಸಿಕೊಳ್ಳಿ.

3. ಮೂರು ದಾರಿ, ಆರಿಸುವವರು ನೀವು

ಹನ್ನೆರಡು ವಾರದೊಳಗೆ ಬಸಿರಿನ ಬೆಳವಣಿಗೆ ನಿಂತುಹೋಗಿದ್ದು, ಜೋರು ಬ್ಲೀಡಿಂಗ್ ಅಥವಾ ಸೋಂಕು ಇಲ್ಲದಿದ್ದರೆ ಸಾಮಾನ್ಯವಾಗಿ ಮೂರೂ ದಾರಿ ತೆರೆದಿರುತ್ತವೆ. ನಮ್ಮಲ್ಲಿ ಬಹಳ ಕಡೆ ಒಂದನ್ನೇ ಹೇಳಿ ಸಹಿ ಹಾಕಿಸುತ್ತಾರೆ. ಉಳಿದ ಎರಡನ್ನೂ ಕೇಳಿ.

ಕಾಯುವುದು ಮೊದಲನೆಯದು. ದೇಹ ತಾನೇ ಹೊರಹಾಕುವವರೆಗೆ ಒಂದೆರಡು ವಾರ ಬಿಡುವುದು. ಆಗಲೇ ಬ್ಲೀಡಿಂಗ್ ಶುರುವಾದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಆಪರೇಷನ್ ಇಲ್ಲ, ಮಾತ್ರೆ ಇಲ್ಲ. ಆದರೆ ಯಾವಾಗ ಆಗುತ್ತದೆ ಅಂತ ಗೊತ್ತಿರುವುದಿಲ್ಲ. ಬಸ್ಸಿನಲ್ಲೋ ಆಫೀಸಿನಲ್ಲೋ ಶುರುವಾಗಿಬಿಡಬಹುದು. ಆಸ್ಪತ್ರೆ ಎರಡು ಗಂಟೆ ದೂರ ಇರುವ ಊರಿನವರಿಗೆ ನಾನಾದರೆ ಇದನ್ನು ಹೇಳುವುದಿಲ್ಲ.

ಎರಡನೆಯದು ಮಾತ್ರೆ. ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಹಿಂಡಿ ಖಾಲಿ ಮಾಡುತ್ತದೆ. ಅದಕ್ಕೆ ಮೊದಲು ಮಿಫೆಪ್ರಿಸ್ಟೋನ್ ಕೊಟ್ಟರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ನೂರರಲ್ಲಿ 80ಕ್ಕೂ ಹೆಚ್ಚು ಹೆಂಗಸರಿಗೆ ಇಷ್ಟರಲ್ಲೇ ಮುಗಿಯುತ್ತದೆ. ಉಳಿದವರಿಗೆ ಆಮೇಲೆ ಕ್ಲೀನಿಂಗ್ ಬೇಕಾಗುತ್ತದೆ. ನೋವು ಮುಟ್ಟಿನ ನೋವಿಗಿಂತ ಜಾಸ್ತಿ ಇರುತ್ತದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೋವಿನ ಮಾತ್ರೆ ಮೊದಲೇ ಬರೆಸಿಕೊಳ್ಳಿ. ಚಳಿ ನಡುಕ, ವಾಂತಿ, ಭೇದಿ ಕೆಲವು ಗಂಟೆ ಇರಬಹುದು. ಆ ದಿನ ಮನೆಯಲ್ಲಿ ಒಬ್ಬರು ಇರಲೇಬೇಕು. ಬಾತ್‌ರೂಮಿನ ಚಿಲಕ ಹಾಕಿಕೊಳ್ಳಬೇಡಿ.

ಮೂರನೆಯದನ್ನು ಜನ "ಕ್ಲೀನ್ ಮಾಡಿಸೋದು", "ಡಿ ಎನ್ ಸಿ" ಅನ್ನುತ್ತಾರೆ. ಹಳೆಯ ಡಿ ಎನ್ ಸಿಯಲ್ಲಿ ಚೂಪು ಉಪಕರಣದಿಂದ ಕೆರೆಯುತ್ತಿದ್ದರು. ಈಗ ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಕೆರೆಯಬೇಡಿ, ಎಳೆದುಕೊಳ್ಳುವ ವಿಧಾನ ಬಳಸಿ ಅನ್ನುತ್ತದೆ. ಅದು ಸಕ್ಷನ್ ಯಂತ್ರ ಇರಬಹುದು, ಕೈಯಲ್ಲೇ ಹಿಡಿಯುವ ಸಿರಿಂಜ್ ಇರಬಹುದು. ಸಿರಿಂಜಿನದಕ್ಕೆ ಎಂ.ವಿ.ಎ. ಅನ್ನುತ್ತಾರೆ. ಹತ್ತು ನಿಮಿಷದ ಕೆಲಸ, ಅದೇ ದಿನ ಮನೆಗೆ ಬರಬಹುದು. "ಸಕ್ಷನ್ ಮಾಡ್ತೀರಾ, ಕೆರೀತೀರಾ?" ಅಂತ ಕೇಳಿ. ಪದೇ ಪದೇ ಕೆರೆದರೆ ಗರ್ಭಕೋಶದ ಒಳಪದರ ಅಂಟಿಕೊಂಡು ಮುಂದೆ ತೊಂದರೆ ಆಗುವ ಸಾಧ್ಯತೆ ಇದೆ. ಡಾಕ್ಟರಿಗೆ ಸಿಟ್ಟು ಬರುತ್ತೆ ಅಂತ ಹೆದರಬೇಡಿ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ಯಾವ ದಾರಿ ಹಿಡಿದರೂ ಮುಂದೆ ಮಗು ಆಗುವ ಸಾಧ್ಯತೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಿಮ್ಮ ಮನಸ್ಸಿಗೆ ಯಾವುದು ಹಗುರವೋ ಅದನ್ನೇ ಹಿಡಿಯಿರಿ. ನನಗೆ ಕಾಯಲು ಆಗಲಿಲ್ಲ. ತಂಗಿ ಹತ್ತು ದಿನ ಕಾದಳು.

4. ಮನೆಗೆ ಹೊರಡುವ ಮೊದಲು ಕೇಳಬೇಕಾದ ಮೂರು

ನಿಮ್ಮ ರಕ್ತದ ಗುಂಪು ನೆಗೆಟಿವ್ ಇದೆಯಾ? ಇದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ಕೇಳಿ. ಬೇಕಾದರೆ 72 ಗಂಟೆಯೊಳಗೆ ಕೊಡಬೇಕು. ಮಗುವಿನ ರಕ್ತ ಪಾಸಿಟಿವ್ ಆಗಿದ್ದರೆ ನಿಮ್ಮ ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳಬಹುದು. ಅದರ ತೊಂದರೆ ಮುಂದಿನ ಮಗುವಿಗೆ. ಎಷ್ಟನೇ ವಾರದಿಂದ ಬೇಕು ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಎರಡು ಮಾತಿದೆ. ಆದರೆ ಕೇಳದೆ ಮನೆಗೆ ಬರಬೇಡಿ.

ಇದು ಎರಡನೆಯದೋ ಮೂರನೆಯದೋ ಆಗಿದ್ದರೆ, ಹೊರಬಂದ ಅಂಗಾಂಶವನ್ನು ವರ್ಣತಂತು (ಕ್ರೋಮೋಸೋಮ್) ಪರೀಕ್ಷೆಗೆ ಕಳಿಸಬಹುದಾ? ಇದನ್ನು ಕ್ಲೀನಿಂಗಿಗೆ ಮೊದಲೇ ಹೇಳಬೇಕು. ಆ ಪರೀಕ್ಷೆಗೆ ಅಂಗಾಂಶ ಸಲೈನಿನಲ್ಲಿ ಹೋಗಬೇಕು. ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ಹಾಕಿದರೆ ಮುಗಿಯಿತು, ವರ್ಣತಂತು ನೋಡುವುದು ಕಷ್ಟ.

ಡಿಸ್ಚಾರ್ಜ್ ಸಮ್ಮರಿ ಎಲ್ಲಿ? ಎಷ್ಟನೇ ವಾರ, ಯಾವ ವಿಧಾನ, ಯಾವ ಇಂಜೆಕ್ಷನ್, ಹಿಮೋಗ್ಲೋಬಿನ್ ಎಷ್ಟು, ಎಲ್ಲ ಅದರಲ್ಲಿರಬೇಕು. ಫೋಟೊ ತೆಗೆದಿಟ್ಟುಕೊಳ್ಳಿ. ರಜೆಗೂ ಬೇಕು, ಮುಂದಿನ ಬಸಿರಿಗೂ ಬೇಕು.

5. ಬಾಣಂತನ, ಹೌದು, ಬಾಣಂತನ

ಬ್ಲೀಡಿಂಗ್ ಒಂದೆರಡು ವಾರ ಇಳಿಯುತ್ತಾ ಹೋಗುತ್ತದೆ. ಅದು ನಿಲ್ಲುವವರೆಗೆ ಪ್ಯಾಡ್ ಮಾತ್ರ ಸಾಕು. ಮುಟ್ಟಿನ ಕಪ್ ಬೇಡ, ಗಂಡ ಹೆಂಡತಿ ಕೂಡುವುದೂ ಬೇಡ. ಮುಟ್ಟು ನಾಲ್ಕರಿಂದ ಆರು ವಾರದಲ್ಲಿ ಬರುತ್ತದೆ. ಮನೆಯಲ್ಲಿ ಮಾಡುವ ಬಸಿರಿನ ಟೆಸ್ಟು ಕೆಲವು ವಾರ ಎರಡು ಗೆರೆ ತೋರಿಸುತ್ತಲೇ ಇರಬಹುದು. ಅದು ಹಾರ್ಮೋನಿನ ಉಳಿಕೆ ಅಷ್ಟೇ. ಆಸೆ ಇಟ್ಟುಕೊಂಡು ದಿನಾ ಟೆಸ್ಟ್ ಮಾಡಬೇಡಿ. ನಾಲ್ಕು ವಾರ ದಾಟಿದರೂ ಗೆರೆ ಮಾಸದಿದ್ದರೆ ಡಾಕ್ಟರಿಗೆ ತೋರಿಸಿ.

ಊಟದ ವಿಷಯದಲ್ಲಿ ದೊಡ್ಡಮ್ಮನ ಪಟ್ಟಿ ಮುಕ್ಕಾಲು ಸರಿ ಇತ್ತು. ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ ಒಗ್ಗರಣೆಯ ಸಾರು, ರಾಗಿ ಅಂಬಲಿ, ಹುರುಳಿ ಕಟ್ಟು, ನುಗ್ಗೆ ಸೊಪ್ಪು. ರಕ್ತ ಹೋದ ದೇಹಕ್ಕೆ ಇವೆಲ್ಲ ಬೇಕು. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ. ಕಾಫಿ, ಟೀಯ ಆಸುಪಾಸು ಬೇಡ, ಮಾತ್ರೆ ಮೈಗೆ ಹತ್ತುವುದಿಲ್ಲ. ಉಳಿದ ಕಾಲು ಭಾಗ ಜಗಳದ್ದು. ಬಾಣಂತಿಗೆ ನೀರು ಕಮ್ಮಿ ಕೊಡಬೇಕು ಅನ್ನುವ ಪಥ್ಯವನ್ನು ನಾವು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ನೀರು ಚೆನ್ನಾಗಿ ಕುಡಿಯಿರಿ.

ನಾಲ್ಕು ತಿಂಗಳು ದಾಟಿ ಹೋಗಿದ್ದರೆ ಎರಡು ಮೂರು ದಿನದಲ್ಲಿ ಎದೆಹಾಲು ಬರಬಹುದು. ಇದಕ್ಕೆ ಯಾರೂ ತಯಾರಾಗಿರುವುದಿಲ್ಲ. ಮಗು ಇಲ್ಲದ ಮನೆಯಲ್ಲಿ ರವಿಕೆ ಒದ್ದೆಯಾಗುವ ಸಂಕಟ ಮಾತಿಗೆ ಸಿಗುವಂಥದ್ದಲ್ಲ. ಹಾಲು ಹಿಂಡಿ ತೆಗೆಯಬೇಡಿ, ಹಿಂಡಿದಷ್ಟೂ ಬರುತ್ತದೆ. ತೀರಾ ಬಿಗಿದು ನೋವಾದರೆ ಹಗುರಾಗುವಷ್ಟು ಮಾತ್ರ ತೆಗೆಯಿರಿ. ಮೈಗೆ ಸರಿಯಾಗಿ ಕೂರುವ ಬ್ರಾ, ತಣ್ಣೀರು ಬಟ್ಟೆ, ನೋವಿನ ಮಾತ್ರೆ ಸಾಕಾಗುತ್ತವೆ. ಬೇಕಾದರೆ ಹಾಲು ನಿಲ್ಲಿಸುವ ಮಾತ್ರೆಯೂ ಇದೆ, ಡಾಕ್ಟರನ್ನು ಕೇಳಿ. ಮಲ್ಲಿಗೆ ಹೂವನ್ನು ಎದೆಗೆ ಕಟ್ಟುವ ಪದ್ಧತಿ ದಕ್ಷಿಣದಲ್ಲಿ ಹಳೆಯದು. 1980ರ ದಶಕದಲ್ಲಿ ವೆಲ್ಲೂರಿನ ವೈದ್ಯರು ಇದನ್ನು ಮಾತ್ರೆಯ ಜೊತೆ ಹೋಲಿಸಿ ನೋಡಿ, ಹೂವೂ ಹಾಲು ಇಳಿಸುತ್ತದೆ ಅಂತ ಬರೆದಿದ್ದಾರೆ. ಅಜ್ಜಿ ಹೂ ತಂದರೆ ಬೇಡ ಅನ್ನಬೇಡಿ. ಎದೆ ಕೆಂಪಾಗಿ ಜ್ವರ ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ.

ತಿಂಗಳು ಬಲಿತ ಮೇಲೆ ಹೋದ ಮಗುವನ್ನು ನೋಡಬೇಕಾ, ಎತ್ತಿಕೊಳ್ಳಬೇಕಾ, ಮಣ್ಣು ಮಾಡಲು ಮನೆಗೆ ಒಯ್ಯಬೇಕಾ ಅನ್ನುವುದನ್ನು ತಾಯಿಯನ್ನು ಕೇಳಿ ತೀರ್ಮಾನಿಸಿ. "ಅವಳಿಗೆ ತೋರಿಸಬೇಡಿ" ಅಂತ ಗಂಡಸರು ವರಾಂಡದಲ್ಲೇ ನಿರ್ಧರಿಸಿಬಿಡುತ್ತಾರೆ. ಒಯ್ಯುವುದಾದರೆ ಹೆರಿಗೆಗೆ ಮೊದಲೇ ನರ್ಸಿಗೆ ಹೇಳಿ. ಹೇಳದಿದ್ದರೆ ಆಸ್ಪತ್ರೆ ತನ್ನ ನಿಯಮದಂತೆ ಸಾಗಿಸಿಬಿಡಬಹುದು.

6. ರಜೆ

ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಕಡೆ, ಬಸಿರು ಹೋದ ಹೆಣ್ಣಿಗೆ ಆರು ವಾರ ಸಂಬಳ ಸಹಿತ ರಜೆ ಕೊಡಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇದು ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಇದರಿಂದ ಕಾಯಿಲೆ ಆದರೆ ಇನ್ನೂ ಒಂದು ತಿಂಗಳು. ಡಾಕ್ಟರ್ ಸರ್ಟಿಫಿಕೇಟ್ ಸಾಕು. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ, ಇಎಸ್‌ಐ ಕಾರ್ಡ್ ಇರುವವರಿಗೆ ವಂತಿಗೆಯ ಲೆಕ್ಕ ಸರಿಯಿದ್ದರೆ ಆರು ವಾರದ ಹಣ ಇಎಸ್‌ಐನಿಂದ ಬರುತ್ತದೆ. ಎಚ್‌ಆರ್‌ನವರಿಗೇ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. ನಾನು ಸಿಕ್ ಲೀವ್ ಹಾಕಿ ಐದನೇ ದಿನ ಹೋಗಿ ಕೂತಿದ್ದೆ. ಈಗ ಯೋಚಿಸಿದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

7. ಯಾಕೆ ಹೀಗಾಯಿತು

ಪರಂಗಿ ಹಣ್ಣು ತಿಂದೆ. ಸ್ಕೂಟರಲ್ಲಿ ಹೋದೆ. ಕೊಡ ಎತ್ತಿದೆ. ಗ್ರಹಣದ ದಿನ ಹೊರಗೆ ಬಂದೆ. ಮೂರು ತಿಂಗಳು ತುಂಬುವ ಮೊದಲೇ ನಾದಿನಿಗೆ ಹೇಳಿದೆ, ದೃಷ್ಟಿ ಆಯಿತು. ಈ ಪಟ್ಟಿಯನ್ನು ನಾನೂ ರಾತ್ರಿಯಿಡೀ ಎಣಿಸಿದ್ದೇನೆ.

ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 20 ಹೀಗೆ ಹೋಗುತ್ತವೆ. ಅದರಲ್ಲೂ ಹೆಚ್ಚಿನವು ಮೊದಲ 12 ವಾರದಲ್ಲಿ. ಆರಂಭದಲ್ಲಿ ಹೋಗುವುದರಲ್ಲಿ ಸುಮಾರು ಅರ್ಧಕ್ಕೆ ಕಾರಣ ವರ್ಣತಂತುಗಳ ಲೆಕ್ಕ ತಪ್ಪುವುದು. ಅಂಡವೂ ವೀರ್ಯಾಣುವೂ ಕೂಡುವ ಹೊತ್ತಿಗೇ ಅದು ನಡೆದುಹೋಗಿರುತ್ತದೆ. ನೀವು ಸ್ಕೂಟರ್ ಹತ್ತುವ ಎಷ್ಟೋ ವಾರ ಮೊದಲು. ಹಾಸಿಗೆ ಹಿಡಿದು ಮಲಗಿದ್ದರೂ ಅದು ನಿಲ್ಲುತ್ತಿರಲಿಲ್ಲ.

ಒಂದು ಸಲ ಹೋದರೆ ಪರೀಕ್ಷೆಗಳ ದಂಡು ಬೇಡ. ಎರಡೋ ಮೂರೋ ಆದರೆ ಹುಡುಕಬೇಕು: ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ, ಮತ್ತು ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು. ಕೊನೆಯದು ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಖಾತ್ರಿಯಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಹೆಪರಿನ್‌ನಿಂದ ನಿಜವಾಗಿ ಉಪಯೋಗ ಇದೆ. ಕೆಲವು ಸೋಂಕುಗಳನ್ನು ಹುಡುಕುವ ಟಾರ್ಚ್ ಟೆಸ್ಟ್ ಅಂತ ಒಂದನ್ನು ನಮ್ಮಲ್ಲಿ ಎಲ್ಲರಿಗೂ ಬರೆಯುತ್ತಾರೆ. ಮತ್ತೆ ಮತ್ತೆ ಬಸಿರು ಹೋಗುವುದಕ್ಕೆ ಕಾರಣ ಹುಡುಕಲು ಅದರಿಂದ ಪ್ರಯೋಜನ ಇಲ್ಲ. ದುಡ್ಡು ಉಳಿಸಿಕೊಳ್ಳಿ.

8. ಮನಸ್ಸು, ಮನೆ, ಜನ

ಲಂಡನ್ನಿನ ಮೂರು ಆಸ್ಪತ್ರೆಗಳ ಒಂದು ಅಧ್ಯಯನ 2020ರಲ್ಲಿ ಬಂತು. ಮೊದಲ ತಿಂಗಳುಗಳಲ್ಲೇ ಬಸಿರು ಕಳೆದುಕೊಂಡ ನೂರರಲ್ಲಿ 29 ಜನರಿಗೆ ಒಂದು ತಿಂಗಳಾದ ಮೇಲೂ ಆಘಾತದ ಲಕ್ಷಣಗಳಿದ್ದವು. ಒಂಬತ್ತು ತಿಂಗಳಾದರೂ 18 ಜನರಿಗೆ ಹೋಗಿರಲಿಲ್ಲ. ಹಾಗಾಗಿ "ಎರಡೇ ತಿಂಗಳದ್ದಲ್ವಾ" ಅನ್ನುವ ಮಾತಿಗೆ ತಲೆ ಕೊಡಬೇಡಿ.

ಕೆಲವು ಸಣ್ಣ ಕೆಲಸಗಳನ್ನು ಮೊದಲ ವಾರವೇ ಬೇರೆಯವರ ಕೈಯಲ್ಲಿ ಮಾಡಿಸಿ. ಫೋನಿನ ಬಸಿರಿನ ಆ್ಯಪ್ ತೆಗೆಸಿ, ಇಲ್ಲದಿದ್ದರೆ "ನಿಮ್ಮ ಮಗು ಈಗ ನಿಂಬೆಹಣ್ಣಿನಷ್ಟು" ಅಂತ ಮೆಸೇಜ್ ಬರುತ್ತಲೇ ಇರುತ್ತದೆ. ತಾಯಿ ಕಾರ್ಡ್ ಮಾಡಿಸಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಪಾಪ, ಅವರು ಗೊತ್ತಿಲ್ಲದೆ ಮನೆ ಬಾಗಿಲಿಗೆ ಬಂದು "ಏಳನೇ ತಿಂಗಳಾಯ್ತಲ್ಲ ಅಕ್ಕಾ" ಅಂದರೆ ಇಬ್ಬರಿಗೂ ಕಷ್ಟ. ನೆಂಟರಿಗೆ ಹೇಳುವ ಕೆಲಸ ಒಬ್ಬರದೇ ಇರಲಿ. ಒಂದೇ ವಾಕ್ಯ ಸಾಕು: "ಬಸಿರು ನಿಲ್ಲಲಿಲ್ಲ, ಅವಳು ಸುಧಾರಿಸಿಕೊಳ್ತಾ ಇದಾಳೆ, ಸದ್ಯ ಫೋನ್ ಮಾಡಬೇಡಿ."

ಸೀಮಂತಕ್ಕೆ, ನಾಮಕರಣಕ್ಕೆ ಕರೆದರೆ ಹೋಗಲೇಬೇಕೆಂದಿಲ್ಲ. ಅತ್ತೆಯೋ ಅಮ್ಮನೋ ಹೋಗಿ ಅರಿಸಿನ ಕುಂಕುಮ ತಗೊಂಡು ಬರಲಿ. "ಏನಾದ್ರೂ ವಿಶೇಷ?" ಅಂತ ಮದುವೆಮನೆಯಲ್ಲಿ ಕೇಳುವವರಿಗೆ ಒಂದು ಉತ್ತರ ರೆಡಿ ಇಟ್ಟುಕೊಳ್ಳಿ. ನಾನು "ವಿಶೇಷ ಇದ್ರೆ ನಿಮಗೇ ಮೊದಲು ಹೇಳ್ತೀನಿ" ಅಂತ ಎದ್ದು ಊಟದ ಪಂಕ್ತಿ ಕಡೆ ಹೋಗಿಬಿಡುತ್ತಿದ್ದೆ.

ನೋಡಲು ಬರುವವರಿಗೆ: "ಹೋಗ್ಲಿ ಬಿಡು, ಇನ್ನೊಂದಾಗುತ್ತೆ" ಅನ್ನಬೇಡಿ. "ಒಳ್ಳೇದಕ್ಕೇ ಆಯ್ತು" ಅಂತೂ ಬೇಡವೇ ಬೇಡ. ಸಾರಿನ ಡಬ್ಬಿ ತನ್ನಿ. ಪಕ್ಕದಲ್ಲಿ ಕೂತುಕೊಳ್ಳಿ. ಅವಳು ಮಾತಾಡಿದರೆ ಕೇಳಿ, ಇಲ್ಲದಿದ್ದರೆ ಸುಮ್ನೆ ಇರಿ.

ಗಂಡಂದಿರ ಬಗ್ಗೆ. ನನ್ನ ಗಂಡ ಬಿಲ್ ಕಟ್ಟಿದರು, ಔಷಧಿ ತಂದರು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಇವರಿಗೆ ಏನೂ ಅನ್ನಿಸಲೇ ಇಲ್ಲ ಅಂತ ಆರು ತಿಂಗಳು ಒಳಗೊಳಗೇ ಕುದಿದೆ. ಆಮೇಲೊಂದು ದಿನ ಅವರ ಪರ್ಸಿನಲ್ಲಿ ಮಡಚಿಟ್ಟ ಸ್ಕ್ಯಾನ್ ಫೋಟೊ ಸಿಕ್ಕಿತು. ಮೊದಲ ವಾರವೇ ಇಬ್ಬರೂ ಕೂತು ಮಾತಾಡಿದ್ದರೆ ಆ ಆರು ತಿಂಗಳು ಉಳಿಯುತ್ತಿತ್ತು.

ಈ ಸಾವಿಗೆ ನಮ್ಮಲ್ಲಿ ತಿಥಿ ಇಲ್ಲ, ವೈಕುಂಠ ಸಮಾರಾಧನೆ ಇಲ್ಲ. ಆದರೆ ಹಳೆಯ ಧರ್ಮಶಾಸ್ತ್ರಗಳು ಇದನ್ನು ಲೆಕ್ಕಕ್ಕೆ ಹಿಡಿದಿವೆ: ಎಷ್ಟು ತಿಂಗಳ ಬಸಿರೋ, ತಾಯಿಗೆ ಅಷ್ಟು ರಾತ್ರಿಯ ಸೂತಕ. ಮೈಲಿಗೆಯ ಮಾತು ಬಿಡಿ, ಅಷ್ಟು ರಾತ್ರಿಯಾದರೂ ದುಃಖಕ್ಕೆ ಜಾಗ ಕೊಟ್ಟರಲ್ಲ ಅನ್ನಿಸಿತು ನನಗೆ. ದೀಪ ಹಚ್ಚಬೇಕು ಅನ್ನಿಸಿದರೆ ಹಚ್ಚಿ. ತಂಗಿ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ನೆಟ್ಟಳು. ಹೆರಿಗೆಗೆ ಕೊಟ್ಟಿದ್ದ ತಾರೀಕು ಬಂದ ದಿನ ಮತ್ತೆ ನೋವು ಉಕ್ಕುತ್ತದೆ. ಅವತ್ತು ರಜೆ ಹಾಕಿ.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ತಪ್ಪೆಲ್ಲ ನನ್ನದೇ ಅನ್ನುವ ಯೋಚನೆ ಬಿಡುತ್ತಿಲ್ಲ ಅಂದರೆ ನೆರವು ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416, ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿಗೆಂದೇ ಪ್ರತ್ಯೇಕ ವಿಭಾಗ ಇದೆ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಈಗಲೇ ಕರೆ ಮಾಡಿ, ಒಬ್ಬರೇ ಇರಬೇಡಿ.

9. ಮತ್ತೆ ಬಸಿರಾಗುವುದು

ಮುಟ್ಟು ಬರುವ ಮೊದಲೇ, ಎರಡು ವಾರದಲ್ಲೇ ಅಂಡ ಬಿಡುಗಡೆ ಆಗಬಹುದು. ಸದ್ಯಕ್ಕೆ ಬೇಡ ಅನ್ನುವವರು ಎಚ್ಚರ ವಹಿಸಬೇಕು. ಆರು ತಿಂಗಳು ಕಾಯಿರಿ ಅನ್ನುವುದು ಹಿಂದಿನ ಸಲಹೆ. ಆರಂಭದಲ್ಲಿ ಹೋದ ಬಸಿರಿಗೆ ಅಷ್ಟು ಕಾಯಬೇಕಿಲ್ಲ ಅಂತ ನಂತರದ ಅಧ್ಯಯನಗಳು ಹೇಳುತ್ತವೆ. ತಾರೀಕಿನ ಲೆಕ್ಕ ಸಿಗಲಿ ಅಂತ ಒಂದು ಮುಟ್ಟು ಕಳೆಯಲಿ ಅನ್ನುತ್ತಾರೆ ಹೆಚ್ಚಿನ ಡಾಕ್ಟರುಗಳು. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಈಗಿಂದಲೇ ಶುರು ಮಾಡಿ. ಹಿಮೋಗ್ಲೋಬಿನ್ ಸರಿಯಾಗಲಿ. ಮನಸ್ಸು ಒಪ್ಪದಿದ್ದರೆ ವರ್ಷವೇ ಆಗಲಿ, ಅತ್ತೆಯ ಅವಸರಕ್ಕೆ ಬಸಿರಾಗಬೇಡಿ.

ಹೊಸ ಬಸಿರಿನಲ್ಲಿ ಪ್ರತಿ ಸಲ ಬಾತ್‌ರೂಮಿಗೆ ಹೋದಾಗಲೂ ಬಟ್ಟೆ ನೋಡುತ್ತೀರಿ. ಎಲ್ಲರೂ ನೋಡುತ್ತಾರೆ. ಆರೇಳನೇ ವಾರಕ್ಕೆ ಒಂದು ಸ್ಕ್ಯಾನ್ ಕೇಳಿ ಮಾಡಿಸಿಕೊಳ್ಳಿ. ಹಿಂದೆ ಬಸಿರು ಹೋಗಿದ್ದು ಈ ಸಲವೂ ರಕ್ತ ಕಂಡರೆ ಪ್ರೊಜೆಸ್ಟರೋನ್ ಹಾರ್ಮೋನಿನಿಂದ ಉಪಯೋಗ ಆಗಬಹುದು, ಅದನ್ನೂ ಕೇಳಿ. ಹಳೆಯ ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.

ಹೊಸ ತಾಯಿ ಕಾರ್ಡ್ ಬರೆಯುವಾಗ ಸಿಸ್ಟರ್ "ಎಷ್ಟನೇ ಬಸಿರು?" ಅಂತ ಕೇಳುತ್ತಾರೆ. ಪಕ್ಕದಲ್ಲಿರುವ ಅತ್ತೆಯೋ ಅಮ್ಮನೋ "ಮೊದಲನೇದು" ಅಂದುಬಿಡಬಹುದು. ನೀವು "ಎರಡನೇದು" ಅನ್ನಿ. ಮೊದಲನೆಯದು ಎಷ್ಟು ವಾರಕ್ಕೆ ಹೋಯಿತು, ಇಂಜೆಕ್ಷನ್ ಕೊಟ್ಟರಾ, ಕ್ಲೀನ್ ಮಾಡಿದರಾ ಎಲ್ಲ ಹೇಳಿ. ಅವರು ಕಾರ್ಡಿನಲ್ಲಿ ಜಿ2 ಎ1 (ಎರಡನೇ ಬಸಿರು, ಒಂದು ಹೋಗಿದೆ) ಅಂತ ಬರೆದುಕೊಳ್ಳುತ್ತಾರೆ.